ನಕಲಿ ಎಸ್ಕಾರ್ಟ್ ಜಾಹೀರಾತಿಗೆ ದುಡ್ಡು ಹೋದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು

ಎಸ್ಕಾರ್ಟ್ ಸರ್ವಿಸ್ ಜಾಹೀರಾತು ನಂಬಿ ದುಡ್ಡು ಕಳೆದುಕೊಂಡವರು ಮೊದಲು ಮಾಡುವ ಕೆಲಸ ಯಾವುದು ಗೊತ್ತಾ? ಫೋನ್ ಫಾರ್ಮ್ಯಾಟ್ ಮಾಡಿಸುವುದು. ಕುಮಟಾದಲ್ಲಿ ನಮ್ಮದು ಮೊಬೈಲ್ ರಿಪೇರಿ ಅಂಗಡಿ, ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸವೂ ಇದೆ. ಹಾಗಾಗಿ ಇಂಥವರು ಪೊಲೀಸರ ಹತ್ತಿರ ಹೋಗುವ ಮೊದಲು ನಮ್ಮ ಹತ್ತಿರ ಬರುತ್ತಾರೆ. ಬೇರೆ ಗಿರಾಕಿಗಳು ಹೋಗುವ ತನಕ ಕಾಯುತ್ತಾರೆ. ಆಮೇಲೆ ಮೆಲ್ಲಗೆ, "ಅಣ್ಣಾ, ಎಲ್ಲಾ ಅಳಿಸಿಕೊಡು, ಮನೆಯಲ್ಲಿ ಗೊತ್ತಾಗಬಾರದು" ಅನ್ನುತ್ತಾರೆ. ನಾನು ಅಳಿಸುವುದಿಲ್ಲ. ಆ ಫೋನಿನಲ್ಲಿ ಇರುವುದೇ ಅವರ ಸಾಕ್ಷಿ, ಅದು ಹೋದರೆ ಕಳ್ಳನಿಗೇ ಅನುಕೂಲ.

ಇಂಥ ಜಾಹೀರಾತು ಯಾಕೆ ಹಾಕುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ, ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಬೇರೆ ಯಾವ ಮೋಸದಲ್ಲೂ ಸಿಗದ ಒಂದು ಲಾಭ ಇದರಲ್ಲಿದೆ: ಮೋಸ ಹೋದವನು ಬಾಯಿ ಬಿಡುವುದಿಲ್ಲ. ವಾಷಿಂಗ್ ಮಷೀನ್ ಕೊಡುತ್ತೇನೆ ಎಂದು ಎರಡು ಸಾವಿರ ಹೊಡೆದರೆ ಜನ ಸ್ಟೇಷನ್ನಿಗೆ ಹೋಗಿ ಗಲಾಟೆ ಮಾಡುತ್ತಾರೆ. ಇಲ್ಲಿ ಹೆಂಡತಿಗೂ ಹೇಳುವುದಿಲ್ಲ, ಗೆಳೆಯನಿಗೂ ಹೇಳುವುದಿಲ್ಲ. ಆ ನಾಚಿಕೆಯೇ ಅವರ ಬಂಡವಾಳ. ಖರ್ಚಂತೂ ಏನೂ ಇಲ್ಲ. ಇನ್‌ಸ್ಟಾಗ್ರಾಮಿನಿಂದ ಯಾವುದೋ ಹೆಣ್ಣುಮಗಳ ಫೋಟೋ ಕದ್ದರೆ ಜಾಹೀರಾತು ತಯಾರು. ಆ ಫೋಟೋದಲ್ಲಿ ಇರುವವಳಿಗೆ ತನ್ನ ಮುಖ ಎಲ್ಲಿ ಓಡಾಡುತ್ತಿದೆ ಅನ್ನುವ ಸುಳಿವೂ ಇರುವುದಿಲ್ಲ.

ಮುಂಗಡ ಹೊಡೆಯುವುದು ಒಂದು ಉದ್ದೇಶ. ವಿಡಿಯೋ ಮಾಡಿಕೊಂಡು ಹೆದರಿಸಿ ತಿಂಗಳುಗಟ್ಟಲೆ ಸುಲಿಯುವುದು ಇನ್ನೊಂದು. ಲಿಂಕ್ ಕಳಿಸಿ ಫೋನಿನೊಳಗೆ ಸೇರುವುದು ಮತ್ತೊಂದು. ಇವೆಲ್ಲಕ್ಕಿಂತ ಕೆಟ್ಟದ್ದು ಹಗೆ ತೀರಿಸಿಕೊಳ್ಳುವುದು. ಮದುವೆಗೆ ಒಪ್ಪದ ಹುಡುಗಿಯದ್ದೋ, ಬಿಟ್ಟು ಹೋದ ಹೆಂಡತಿಯದ್ದೋ ನಂಬರ್ ತೆಗೆದು ಇಂಥ ಜಾಹೀರಾತಿಗೆ ಹಾಕುವವರು ಇದ್ದಾರೆ. ಅದರ ಬಗ್ಗೆ ಕೊನೆಯಲ್ಲಿ ಬರೆದಿದ್ದೇನೆ.

ಜಾಹೀರಾತು ಗುರುತಿಸುವುದು

ಇದು ಸುಲಭ. ಈ ಪುಟಗಳನ್ನು ಕೂತು ಬರೆಯುವವರು ಯಾರೂ ಇಲ್ಲ. ಒಂದೇ ಬರಹ, ಊರ ಹೆಸರು ಮಾತ್ರ ಬದಲು. ಕಾರವಾರದ ಪುಟದಲ್ಲಿ ಇದ್ದದ್ದೇ ಯಲ್ಲಾಪುರಕ್ಕೂ, ಹೊನ್ನಾವರಕ್ಕೂ ಇರುತ್ತದೆ. "ಶಿರಸಿ ಬೀಚ್ ಹತ್ತಿರದ ಫೈವ್ ಸ್ಟಾರ್ ಹೋಟೆಲ್, ರೈಲ್ವೆ ಸ್ಟೇಷನ್ನಿನಿಂದ ಐದು ನಿಮಿಷ" ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಶಿರಸಿ ಇರುವುದು ಘಟ್ಟದ ಮೇಲೆ. ಅಲ್ಲಿ ಬೀಚೂ ಇಲ್ಲ, ರೈಲೂ ಇಲ್ಲ. ಇಷ್ಟು ನೋಡಿದ ಮೇಲೂ ದುಡ್ಡು ಹಾಕಿದವರಿದ್ದಾರೆ!

"ಹಾಗಾದರೆ ಅಸಲಿ ಯಾವುದು ಅಂತ ಹೇಳಿ" ಎಂದು ಕೇಳುವವರೂ ಇದ್ದಾರೆ. ಹೇಳುವುದಿಲ್ಲ. ವೆರಿಫೈಡ್ ಅನ್ನುವ ಹಸಿರು ಗುರುತು, ಗಿರಾಕಿಗಳ ಹೊಗಳಿಕೆ, ಐದು ಸ್ಟಾರು, ಎಲ್ಲವನ್ನೂ ಜಾಹೀರಾತು ಹಾಕಿದವರೇ ಬರೆದುಕೊಂಡಿರುತ್ತಾರೆ. ಅಕಸ್ಮಾತ್ ಅಸಲಿಯೇ ಆದರೂ, ಆ ಕಡೆ ಇರುವ ಹೆಣ್ಣು ತಾನಾಗಿ ಬಂದವಳೋ, ಯಾರೋ ಹೆದರಿಸಿ ಕೂರಿಸಿದವಳೋ ನಿಮಗೆ ತಿಳಿಯುವ ದಾರಿ ಇಲ್ಲ. ದಲ್ಲಾಳಿ ಕೆಲಸ, ಬೇರೆಯವರ ಮೈಮಾರಾಟದ ಹಣದಲ್ಲಿ ಬದುಕುವುದು, ಇದಕ್ಕಾಗಿ ಜಾಗ ಕೊಡುವುದು 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೋಸದಿಂದಲೋ ಬಲವಂತದಿಂದಲೋ ಸಾಗಿಸಿ ತಂದವಳು ಎಂದು ಗೊತ್ತಿದ್ದೂ ಹೋದ ಗಿರಾಕಿಗೂ ಜೈಲು ಇದೆ. ಮೋಸದಿಂದ ಪಾರಾಗುವ ಖಾತ್ರಿ ದಾರಿ ಒಂದೇ, ಆ ನಂಬರಿಗೆ ಮೆಸೇಜೇ ಹಾಕಬೇಡಿ.

ದುಡ್ಡು ಹೇಗೆ ಎಳೆಯುತ್ತಾರೆ

ಮೊದಲು 500 ರೂಪಾಯಿ ಬುಕಿಂಗ್. ಕ್ಯೂಆರ್ ಕೋಡ್ ಬರುತ್ತದೆ. ಸ್ಕ್ಯಾನ್ ಮಾಡಿದರೆ ಬರುವ ಹೆಸರು ಯಾರದ್ದೋ ಗಂಡಸಿನದ್ದು. ನಂತರ ಹೋಟೆಲ್ ಗೇಟ್ ಪಾಸ್ ಎಂದು ಇನ್ನೊಂದಿಷ್ಟು. ನಂತರ ಸೆಕ್ಯೂರಿಟಿ ಡಿಪಾಸಿಟ್, "ವಾಪಸ್ ಸಿಗುತ್ತದೆ ಸರ್". ಅದನ್ನು ಹಾಕಿದ ಮೇಲೆ ಬರುವ ಮಾತು ನೋಡಿ: "ಸರ್, ನೀವು 2,500 ಹಾಕಿದ್ದೀರಿ, 2,499 ಹಾಕಬೇಕಿತ್ತು, ಸಿಸ್ಟಮ್ ತಗೊಳ್ತಾ ಇಲ್ಲ, ಇನ್ನೊಮ್ಮೆ ಸರಿಯಾಗಿ ಹಾಕಿ, ಎರಡೂ ಒಟ್ಟಿಗೆ ವಾಪಸ್ ಬರುತ್ತೆ." ಜಾಸ್ತಿ ಜನ ಬೀಳುವುದು ಇಲ್ಲೇ. ಮೊದಲ ಐನೂರಕ್ಕೆ ಆಸೆಯಿಂದ ಹಾಕಿದವನು, ಆಮೇಲಿನದ್ದನ್ನೆಲ್ಲ ಹೋದದ್ದು ವಾಪಸ್ ಬರಲಿ ಎಂದು ಹಾಕುತ್ತಾನೆ. ಯಾವ ಹಂತದಲ್ಲಿ ಇದ್ದರೂ ಅಲ್ಲಿಗೇ ನಿಲ್ಲಿಸಿ. ರಿಫಂಡ್ ಪಡೆಯಲು ದುಡ್ಡು ಹಾಕಬೇಕು ಅನ್ನುವುದು ಎಲ್ಲೂ ಇಲ್ಲ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೂ ಇಲ್ಲ.

ದುಡ್ಡು ಹೋಗಿದೆ, ಈಗ?

ಎಲ್ಲರೂ ಕೆಡಿಸುವ ಹಂತ ಇದು. ನಿಧಾನ ಓದಿ.

ಗಡಿಯಾರ ನೋಡಿ. ನೀವು ಹಾಕಿದ ಹಣ ಮೊದಲು ಬಾಡಿಗೆಗೆ ಪಡೆದ ಯಾರದ್ದೋ ಖಾತೆಗೆ ಹೋಗುತ್ತದೆ. ಅಲ್ಲಿಂದ ತುಂಡು ತುಂಡಾಗಿ ಬೇರೆ ಖಾತೆಗಳಿಗೆ, ಕೊನೆಗೆ ಎಟಿಎಮ್ಮಿನಿಂದ ಹೊರಗೆ. ಆ ಸರಪಳಿಯ ಯಾವುದಾದರೂ ಒಂದು ಖಾತೆಯಲ್ಲಿ ಹಣ ಇನ್ನೂ ಕೂತಿದ್ದರೆ ತಡೆಹಿಡಿಯಬಹುದು. ಅದಕ್ಕೇ ಮೊದಲ ಗಂಟೆಗೆ ಬೆಲೆ. ಮರುದಿನ ನೋಡೋಣ ಅಂದರೆ ಬಹುತೇಕ ಹೋದಂತೆಯೇ.

ಮೊದಲು ಸ್ಕ್ರೀನ್‌ಶಾಟ್. ಬ್ಲಾಕ್ ಮಾಡುವ ಮೊದಲು ಇದನ್ನು ಮಾಡಿ, ಯಾಕೆಂದರೆ ಆ ಕಡೆಯವನು ತಾನು ಕಳಿಸಿದ ಮೆಸೇಜುಗಳನ್ನು ಎರಡೂ ಕಡೆಯಿಂದ ಅಳಿಸಬಲ್ಲ. ಜನ ತೆಗೆದುಕೊಂಡು ಬರುವ ಸ್ಕ್ರೀನ್‌ಶಾಟಿನಲ್ಲಿ ಮೇಲ್ಗಡೆ "ಪ್ರಿಯಾ" ಎಂದಿರುತ್ತದೆ, ನಂಬರೇ ಕಾಣುವುದಿಲ್ಲ. ಅದರಿಂದ ಏನು ಮಾಡುವುದು? ಪ್ರೊಫೈಲ್ ತೆರೆದು ಪೂರ್ತಿ ನಂಬರ್ ಕಾಣುವಂತೆ ಒಂದು ತೆಗೆಯಿರಿ. ಆಮೇಲೆ ಚಾಟ್ ಮೇಲಿನಿಂದ ಕೆಳಗಿನವರೆಗೆ, ತಾರೀಕು ಸಮಯ ಕಾಣುವಂತೆ. ಅವರು ಕಳಿಸಿದ ಕ್ಯೂಆರ್ ಕೋಡ್. ಜಾಹೀರಾತಿನ ಪುಟದ ವಿಳಾಸ ಕಾಣುವ ಒಂದು ಚಿತ್ರ. ವಾಟ್ಸ್‌ಆಪಿನಲ್ಲಿ ಎಕ್ಸ್‌ಪೋರ್ಟ್ ಚಾಟ್ ಎಂದು ಇದೆ, ಅದನ್ನು ಒತ್ತಿ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಫೇಸ್‌ಬುಕ್ ಆದರೆ ಹೆಸರು ಸಾಲದು, ಪ್ರೊಫೈಲಿನ ಲಿಂಕ್ ಕಾಪಿ ಮಾಡಿಡಿ. ಹೆಸರು ಸಂಜೆಯೊಳಗೆ ಬದಲಾಗುತ್ತದೆ. ಇದಕ್ಕೆಲ್ಲ ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ.

ಕೂಡಲೇ 1930ಕ್ಕೆ ಫೋನ್ ಮಾಡಿ, ಇದು ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ದಿನವಿಡೀ ಇರುತ್ತದೆ. ಲೈನ್ ಬಿಜಿ ಬಂದರೆ ಬಿಡಬೇಡಿ, ಮತ್ತೆ ಮತ್ತೆ ಮಾಡಿ. ಜೊತೆಗಿದ್ದವರ ಫೋನಿನಿಂದಲೂ ಪ್ರಯತ್ನಿಸಿ. ಗೂಗಲ್ಲಿನಲ್ಲಿ ಹೆಲ್ಪ್‌ಲೈನ್ ನಂಬರ್ ಹುಡುಕಲೇಬೇಡಿ, ಅಲ್ಲೂ ಕಳ್ಳರು ತಮ್ಮ ನಂಬರ್ ಇಟ್ಟಿರುತ್ತಾರೆ. 1930ರವರು ಕೇಳುವುದು ನಿಮ್ಮ ಬ್ಯಾಂಕು, ಖಾತೆ, ಎಷ್ಟು ಹಣ, ಎಷ್ಟು ಗಂಟೆಗೆ, ಯಾವ ಯುಪಿಐ ಐಡಿಗೆ, ಮತ್ತು ಯುಟಿಆರ್ ನಂಬರ್. ಈ ಯುಟಿಆರ್ ಅನ್ನುವುದು ಪೇಮೆಂಟಿನ ಗುರುತಿನ ಸಂಖ್ಯೆ, 12 ಅಂಕಿಯದ್ದು, ನಿಮ್ಮ ಆಪಿನ ಹಿಸ್ಟರಿಯಲ್ಲಿ ಆ ಪೇಮೆಂಟ್ ತೆರೆದರೆ ಸಿಗುತ್ತದೆ. ನಾಲ್ಕು ಸಲ ಹಾಕಿದ್ದರೆ ನಾಲ್ಕು ಯುಟಿಆರ್. ಒಂದು ಕಾಗದದಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡುತ್ತಾ ಅದೇ ಫೋನಿನಲ್ಲಿ ಹುಡುಕಲು ಹೋಗಿ ಕಾಲ್ ಕಟ್ ಮಾಡಿಕೊಂಡವರನ್ನು ನೋಡಿದ್ದೇನೆ. ಮಾತು ಮುಗಿದ ಮೇಲೆ ಎಸ್ಎಮ್ಎಸ್‌ನಲ್ಲಿ ಬರುವ ನಂಬರ್ ಜೋಪಾನ.

ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಪೂರ್ತಿ ದೂರು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ, ಸುಳ್ಳು ಬರೆಯಬೇಡಿ. ನಾಚಿಕೆಗೆ "ಗ್ಯಾಸ್ ಸಬ್ಸಿಡಿ ಅಂತ ಫೋನ್ ಬಂತು" ಎಂದು ಬರೆಸುತ್ತಾರೆ. ಚಾಟಿನಲ್ಲಿ ಇರುವುದೇ ಬೇರೆ. ಪೊಲೀಸರು ಕೇಳಿದಾಗ ಎರಡೂ ತಾಳೆಯಾಗುವುದಿಲ್ಲ, ದೂರು ಅಲ್ಲೇ ದುರ್ಬಲವಾಗುತ್ತದೆ. ಪುರಾಣವೂ ಬೇಡ. "ಆನ್‌ಲೈನಿನಲ್ಲಿ ಎಸ್ಕಾರ್ಟ್ ಜಾಹೀರಾತು ನೋಡಿ ಈ ನಂಬರನ್ನು ಸಂಪರ್ಕಿಸಿದೆ. ಮುಂಗಡ ಎಂದು ಇಂತಿಷ್ಟು ಹಣ ಹಾಕಿಸಿಕೊಂಡರು. ಈಗ ಬೆದರಿಸುತ್ತಿದ್ದಾರೆ." ಇಷ್ಟು ಸಾಕು. ಇದು ಸತ್ಯ, ಇದರಲ್ಲಿ ವಂಚನೆಯೂ ಸುಲಿಗೆಯೂ ಎರಡೂ ಬಂತು.

ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ಪಡೆಯಿರಿ. ಪಿನ್ ನೀವೇ ಒತ್ತಿ ಹಾಕಿದ ಹಣವನ್ನು ಬ್ಯಾಂಕ್ ತನ್ನ ಕೈಯಿಂದ ತುಂಬಿಕೊಡುತ್ತದೆ ಎಂದು ಮಾತ್ರ ಎಣಿಸಬೇಡಿ. ತಡೆಹಿಡಿದ ಹಣ ಸಿಕ್ಕರೂ ಅದು ನಿಮ್ಮ ಖಾತೆಗೆ ಬರಲು ಕೋರ್ಟಿನ ಆದೇಶ ಬೇಕಾಗಬಹುದು, ಸಮಯ ಹಿಡಿಯುತ್ತದೆ.

ಸ್ಟೇಷನ್ನಿಗೆ ಹೋಗಬೇಕೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿಇಎನ್ ಠಾಣೆ, ಅಂದರೆ ಸೈಬರ್ ಅಪರಾಧ ನೋಡಿಕೊಳ್ಳುವ ಠಾಣೆ, ಕಾರವಾರದಲ್ಲಿದೆ. ಸಿದ್ದಾಪುರದಿಂದ, ಭಟ್ಕಳದಿಂದ ಅಷ್ಟು ದೂರ ಹೋಗಲಾಗದಿದ್ದರೆ ನಿಮ್ಮೂರಿನ ಠಾಣೆಯಲ್ಲೇ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸಲು ಅವಕಾಶ ಇದೆ. "ಅದು ನಮಗೆ ಬರಲ್ಲ" ಅಂದರೆ ಜೀರೋ ಎಫ್ಐಆರ್ ಎಂದು ಕೇಳಿ.

ವಿಡಿಯೋ ತೋರಿಸಿ ಹೆದರಿಸಿದರೆ

ಇದರ ರೀತಿ ಹೀಗೆ. "ಮೊದಲು ಹುಡುಗಿಯನ್ನು ನೋಡಿ" ಎಂದು ವಿಡಿಯೋ ಕಾಲ್ ಬರುತ್ತದೆ. ಆ ಕಡೆ ಓಡುತ್ತಿರುವುದು ಮೊದಲೇ ಇಟ್ಟುಕೊಂಡ ವಿಡಿಯೋ. ಈ ಕಡೆ ನಿಮ್ಮ ಮುಖ ರೆಕಾರ್ಡ್ ಆಗುತ್ತದೆ. ಐದು ನಿಮಿಷದಲ್ಲಿ ಆ ತುಣುಕಿನ ಜೊತೆ ನಿಮ್ಮ ಫೇಸ್‌ಬುಕ್ ಗೆಳೆಯರ ಪಟ್ಟಿಯೂ ಬರುತ್ತದೆ, ನಿಮ್ಮ ಮಾವನ ಹೆಸರಿಗೆ ಸುತ್ತು ಹಾಕಿ.

ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟವನನ್ನು ಬಿಟ್ಟದ್ದನ್ನು ನಾನು ಕಂಡಿಲ್ಲ. ಕೊಡುತ್ತಾನೆ ಎಂದು ಗೊತ್ತಾದ ಮೇಲೆ ಮೊತ್ತ ಏರುತ್ತದೆ ಅಷ್ಟೆ. ಸಾಕ್ಷಿ ತೆಗೆದಿಟ್ಟುಕೊಂಡು ಬ್ಲಾಕ್ ಮಾಡಿ, ಗೆಳೆಯರ ಪಟ್ಟಿ ಬೇರೆಯವರಿಗೆ ಕಾಣದಂತೆ ಸೆಟ್ಟಿಂಗ್ ಬದಲಿಸಿ, ಅಕೌಂಟ್ ಕೆಲವು ದಿನ ಲಾಕ್ ಇಡಿ. ಆಮೇಲೆ ಮನೆಯಲ್ಲಿ ಒಬ್ಬರಿಗಾದರೂ ನೀವೇ ಹೇಳಿ. ಕಷ್ಟ, ಗೊತ್ತು. ಆದರೆ ಕಳ್ಳನಿಂದ ಅವರಿಗೆ ತಿಳಿಯುವ ಮೊದಲು ನಿಮ್ಮಿಂದ ತಿಳಿದರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇಲ್ಲಿಗೆ ಮುಗಿಯುವುದಿಲ್ಲ. ಎರಡು ದಿನ ಬಿಟ್ಟು ಖಾಕಿ ಹಾಕಿದ ಫೋಟೋ ಇರುವ ನಂಬರಿನಿಂದ ಕರೆ: "ದೆಹಲಿ ಕ್ರೈಮ್ ಬ್ರಾಂಚ್, ನಿಮ್ಮ ವಿಡಿಯೋ ಯೂಟ್ಯೂಬಿಗೆ ಹೋಗಿದೆ, ತೆಗೆಸಲು ಫೀ ಕಟ್ಟಿ." ಒಪ್ಪದಿದ್ದರೆ "ಆ ಹುಡುಗಿ ಆತ್ಮಹತ್ಯೆ ಮಾಡಿಕೊಂಡಳು, ನಿಮ್ಮ ಮೇಲೆ ಕೇಸ್." ಇದೂ ಅದೇ ಗುಂಪು. ಪೊಲೀಸರು ಯುಪಿಐನಲ್ಲಿ ಫೀ ಕೇಳುವುದಿಲ್ಲ, ಫೋನಿನಲ್ಲೇ ಬಂಧಿಸಿದ್ದೇವೆ ಅನ್ನುವ ಡಿಜಿಟಲ್ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. ಹಾಗೆಯೇ "ಹೋದ ಹಣ ವಾಪಸ್ ತರಿಸಿಕೊಡುತ್ತೇವೆ" ಅನ್ನುವ ಟೆಲಿಗ್ರಾಂ ಹ್ಯಾಕರುಗಳು. ಒಬ್ಬರಿಗೂ ಕಾಸು ಬಿಚ್ಚಬೇಡಿ.

ನಿಮ್ಮ ಖಾಸಗಿ ಚಿತ್ರ ಅವರ ಕೈಯಲ್ಲಿದ್ದರೆ ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಎಂಬ ಉಚಿತ ತಾಣ ಇದೆ, 18 ದಾಟಿದವರಿಗೆ. ನಿಮ್ಮ ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಗುರುತಿನ ಸಂಖ್ಯೆ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದವಕ್ಕೆ ಹೋಗಿ, ಅಲ್ಲಿ ಯಾರಾದರೂ ಅದನ್ನು ಹಾಕಿದರೆ ತಡೆಯಲು ನೆರವಾಗುತ್ತದೆ.

ಅವರು ಕಳಿಸಿದ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರಿನ ಹೊರಗಿನ ಆಪ್, ಇಳಿಸಿಕೊಂಡಿದ್ದೀರಾ? ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಆಂಟಿವೈರಸ್ ಎಂದು ಸಿಕ್ಕಿದ್ದನ್ನೆಲ್ಲ ಹಾಕಬೇಡಿ, ಅದರಲ್ಲಿ ಅರ್ಧ ಸುಮ್ನೆ ಜಾಹೀರಾತು ತೋರಿಸುವವು. ಸಾಕ್ಷಿಯೆಲ್ಲ ತೆಗೆದಿಟ್ಟು ದೂರು ಆದ ಮೇಲೆ ಬನ್ನಿ, ಆಗ ಫಾರ್ಮ್ಯಾಟ್ ಮಾಡೋಣ.

ರಾತ್ರಿ ನಿದ್ದೆ ಬಾರದೆ ಬದುಕುವುದೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೆಲವು ಸಾವಿರಕ್ಕೆ, ಒಂದು ವಿಡಿಯೋಕ್ಕೆ ಜೀವ ಕೊಡುವಂಥದ್ದು ಏನೂ ಆಗಿಲ್ಲ.

ನಿಮ್ಮದೇ ನಂಬರ್ ಜಾಹೀರಾತಿನಲ್ಲಿ ಬಂದರೆ

ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದು ಅಪರಿಚಿತರ ಫೋನು ಒಂದರ ಹಿಂದೆ ಒಂದು ಬರತೊಡಗಿದಾಗ. ನಂಬರ್ ಬದಲಿಸಲು ಓಡಬೇಡಿ, ನಿಮ್ಮ ಬ್ಯಾಂಕು, ಆಧಾರು ಎಲ್ಲ ಅದಕ್ಕೇ ಜೋಡಣೆಯಾಗಿದೆ. ಫೋನ್ ಮಾಡಿದವರಲ್ಲಿ ಯಾರಾದರೂ ಮರ್ಯಾದೆಯಿಂದ ಮಾತಾಡಿದರೆ, ನಂಬರ್ ಎಲ್ಲಿ ಸಿಕ್ಕಿತು, ಆ ಪುಟದ ಲಿಂಕ್ ಕಳಿಸಿ ಎಂದು ಕೇಳಿ. ಲಿಂಕ್ ಸಿಕ್ಕರೆ ಅರ್ಧ ಕೆಲಸ ಆಯ್ತು. ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಅದೇ ಸೈಬರ್‌ಕ್ರೈಮ್ ತಾಣದಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ದೂರು ಕೊಡಿ. ಅಲ್ಲಿ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು, ಆದರೆ ಹಾಕಿದವನನ್ನು ಹಿಡಿಯಬೇಕೆಂದರೆ ಹೆಸರು ಕೊಟ್ಟು ದೂರಿಡುವುದೇ ಸರಿ. ಗೂಗಲ್ಲಿಗೂ ಆ ಪುಟವನ್ನು ಹುಡುಕಾಟದಿಂದ ತೆಗೆಯಲು ಕೋರಿಕೆ ಸಲ್ಲಿಸಬಹುದು. ಯಾರ ಮೇಲೆ ಅನುಮಾನ ಇದೆ ಅನ್ನುವುದನ್ನು ದೂರಿನಲ್ಲೇ ಬರೆಯಿರಿ. ಅವನಿಗೆ ಮೊದಲೇ ಫೋನ್ ಮಾಡಿ ಬೈಯಲು ಹೋದರೆ ಪುಟ ಅಳಿಸಿ ಕೂತುಬಿಡುತ್ತಾನೆ. ಒಬ್ಬರೇ ಠಾಣೆಗೆ ಹೋಗಲು ಮುಜುಗರವಾದರೆ ತಾಯಿಯನ್ನೋ, ಅಕ್ಕನನ್ನೋ, ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ದೂರು ಕೊಟ್ಟ ಮೇಲೆ ಪ್ರತಿ ಪಡೆದೇ ಹೊರಡಿ.