ಕಾರ್ ವಾಶ್ ಹಾಕೋರು ವ್ಯಾಕ್ಯೂಮ್ ಜಾಗ ಮೊದ್ಲು ಗುರುತು ಮಾಡ್ಕೊಳ್ಳಿ: ನಮ್ಮ ಕೊಡಗಿನ ಮಳೆಗೆ, ಮಣ್ಣಿಗೆ ತಕ್ಕ ಹಾಗೆ

ಸೆಲ್ಫ್ ಸರ್ವಿಸ್ ಕಾರ್ ವಾಶ್ (ಗಿರಾಕಿಗಳೇ ತಮ್ಮ ಕಾರು ತೊಳ್ಕೊಳ್ಳೋ ಜಾಗ) ಮಾಡ್ಬೇಕು ಅಂತ ಹೊರಟವರು ಮೊದ್ಲು ಬೋರ್‌ವೆಲ್ ನೋಡ್ತಾರೆ, ಪ್ರೆಶರ್ ಪಂಪ್ ನೋಡ್ತಾರೆ, ಒಂದೊಂದು ಕಾರು ನಿಲ್ಲಿಸಿ ತೊಳೆಯೋ ಜಾಗಕ್ಕೆ (ಅದಕ್ಕೆ ‘ಬೇ’ ಅಂತಾರೆ) ಗೆರೆ ಹಾಕ್ತಾರೆ, ಕೊನೆಗೆ ಉಳಿದ ಮೂಲೇಲಿ ಕಾರಿನ ಒಳಗಿನ ಕಸ ಎಳೆಯೋ ವ್ಯಾಕ್ಯೂಮ್ ಮಷೀನ್ ನಿಲ್ಲಿಸ್ತಾರೆ. ತಪ್ಪೋದೇ ಅಲ್ಲಿ. ಹೊರಗೆ ತೊಳೆಯೋಕೆ 8-10 ನಿಮಿಷ ಸಾಕು ಅಂದ್ರೆ ಒಳಗೆ ಕ್ಲೀನ್ ಮಾಡೋಕೆ 15 ನಿಮಿಷ ಆರಾಮಾಗಿ ಹೋಗತ್ತೆ, ಅದ್ರಲ್ಲೂ ನಮ್ಮಲ್ಲಿ ತೋಟದ ಕೆಂಪು ಮಣ್ಣು ಮ್ಯಾಟಿಗೆ ಮೆತ್ಕೊಂಡಿರತ್ತೆ, ಡಿಕ್ಕೀಲಿ ಕಾಫಿ ಚೀಲದಿಂದ ಉದುರಿದ ಸಿಪ್ಪೆ, ಹಿಂದಿನ ಸೀಟಲ್ಲಿ ನಾಯಿ ಕೂದಲು. ಅದಕ್ಕೇ ತೊಳೆಯೋ ಬೇ ಒಂದಕ್ಕೆ ವ್ಯಾಕ್ಯೂಮ್ ಜಾಗ ಎರಡು ಅಂತ ಲೆಕ್ಕ ಇಟ್ಕೊಳ್ಳಿ. ಕಮ್ಮಿ ಮಾಡಿದ್ರೆ ತೊಳೆದು ಮುಗಿಸಿದವರು ಬೇ ಬಿಟ್ಟು ಕದಲಲ್ಲ, ಹಿಂದೆ ರಸ್ತೆ ತನಕ ಕ್ಯೂ ನಿಲ್ಲತ್ತೆ.

ಇನ್ನು ಅಗಲ. ಇದೊಂದು ಸರಿ ಮಾಡ್ಕೊಂಡ್ರೆ ಅರ್ಧ ಕೆಲಸ ಮುಗೀತು. ನೀವು ಜಾಗ ಬಿಡ್ತಾ ಇರೋದು ಕಾರಿಗಲ್ಲ, ನಾಲ್ಕೂ ಬಾಗಿಲು ತೆಗೆದಿಟ್ಟ ಕಾರಿಗೆ. ಸಾಮಾನ್ಯ ಪಾರ್ಕಿಂಗ್ ಅಳತೆ 2.5 ಮೀಟರ್, ಅಂದ್ರೆ 8 ಅಡಿ ಚಿಲ್ಲರೆ, ಅದನ್ನೇ ಇಲ್ಲಿಗೂ ತಂದು ಹಾಕಿದ್ರೆ ಪಕ್ಕದ ಗಾಡಿ ಬಾಗಿಲಿಗೆ ನಮ್ಮ ಬಾಗಿಲು ತಾಗಿ ಜಗಳ ಗ್ಯಾರಂಟಿ. ಇನ್ನೋವಾ ಕ್ರಿಸ್ಟಾ ಅಗಲ 1.83 ಮೀಟರ್, 6 ಅಡಿ ಅಂತ ಇಟ್ಕೊಳ್ಳಿ, ಥಾರ್ ಕೂಡ ಹೆಚ್ಚುಕಮ್ಮಿ ಅಷ್ಟೇ, ಆ ಕಡೆ ಈ ಕಡೆ ಬಾಗಿಲಿಗೆ 3-3 ಅಡಿ, 12 ಆಯ್ತು, ಮನುಷ್ಯ ಬಗ್ಗಿ ನಿಲ್ಲೋಕೆ ಇನ್ನೊಂದು ಸೇರಿಸಿ 13. ಉದ್ದ 18 ಅಡಿ ಬೇಕೇ ಬೇಕು, ಯಾಕಂದ್ರೆ ಡಿಕ್ಕಿ ಬಾಗಿಲು ಎತ್ತಿ ಹಿಂದೆ ನಿಂತವರು ಗಾಡಿ ಓಡಾಡೋ ದಾರೀಲಿ ನಿಲ್ಲಬಾರದು.

ಪೇಪರ್ ಮೇಲೆ ಪ್ಲಾನ್ ಬರೆಸೋ ಮುಂಚೆ ಒಂದು ಭಾನುವಾರ ಜಾಗಕ್ಕೆ ಹೋಗಿ ಸುಣ್ಣದ ಪುಡೀಲಿ ಗೆರೆ ಎಳೀರಿ. ನಿಮ್ಮ ಕಾರು, ಪಕ್ಕದ ಮನೆಯವರ ಬೊಲೆರೊ, ಯಾರದಾದ್ರೂ ಇನ್ನೋವಾ ಕರೆಸಿ ಒಂದರ ಪಕ್ಕ ಒಂದು ನಿಲ್ಲಿಸಿ, ಎಲ್ಲಾ ಬಾಗಿಲು ತೆಗೀರಿ, 15 ಅಡಿ ಹಗ್ಗ ತಗೊಂಡು ಅದೇ ಹೋಸ್ ಪೈಪ್ ಅಂತ ಅಂದ್ಕೊಂಡು ಡ್ರೈವರ್ ಕಾಲಿನ ಹತ್ರ, ಹಿಂದಿನ ಸೀಟಿನ ಕೆಳಗೆ, ಡಿಕ್ಕಿ ಒಳಗೆ ಎಳೆದು ನೋಡಿ. ನಾನು ಮೊದಲ ಸಲ ಗೆರೆ ಹಾಕ್ದಾಗ ವ್ಯಾಕ್ಯೂಮ್ ಹೋಸ್ ಇಳಿಬಿಡೋ ಕಂಬನ ಕಾರಿನ ಮುಂದೆ ಇಟ್ಟಿದ್ದೆ, ನೋಡೋಕೆ ಅಚ್ಚುಕಟ್ಟಾಗಿತ್ತು, ಆದ್ರೆ ಹಗ್ಗ ಡಿಕ್ಕಿಗೆ ಎಟುಕಲೇ ಇಲ್ಲ. ಕಂಬ ಬರ್ಬೇಕಾದ್ದು ಹಿಂದಿನ ಬಾಗಿಲಿನ ನೇರಕ್ಕೆ, ಎರಡು ಕಾರಿನ ಮಧ್ಯ. ಹೋಸ್ ಮೇಲಿಂದ, ಒಂದು 7 ಅಡಿ ಎತ್ತರದ ತೋಳಿನಿಂದ ಇಳಿದ್ರೆ ನೆಲಕ್ಕೆ ಬಿದ್ದು ಟೈರ್ ಕೆಳಗೆ ಸಿಕ್ಕಲ್ಲ, ಪೇಂಟಿಗೂ ಉಜ್ಜಲ್ಲ. ಎಟುಕಲ್ಲ ಅಂತ 25 ಅಡಿ ಹೋಸ್ ಹಾಕೋಕೆ ಹೋಗ್ಬೇಡಿ, ಪೈಪ್ ಉದ್ದ ಆದಷ್ಟೂ ಎಳೆಯೋ ಶಕ್ತಿ ಕಮ್ಮಿ ಆಗತ್ತೆ.

ಈಗ ಮಳೆ ವಿಷಯ. ಬಯಲುಸೀಮೆ ಪ್ಲಾನ್ ತಂದು ಇಲ್ಲಿ ಹಾಕೋಕೆ ಆಗಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಪಡುವಣದಿಂದ ಓರೆಯಾಗಿ ಹೊಡಿಯತ್ತೆ, ಮೇಲೆ ಶೀಟ್ ಇದ್ರೂ ಬಾಗಿಲು ತೆಗೆದ ಕಾರಿನ ಸೀಟ್ ಒದ್ದೆ ಆಗತ್ತೆ. ಅದಕ್ಕೆ ಶೆಡ್ಡಿನ ಬಾಯಿ ಪೂರ್ವಕ್ಕಿರಲಿ, ಪಶ್ಚಿಮದ ಕಡೆ ಪೂರ್ತಿ ಶೀಟ್ ಮುಚ್ಚಿ, ಟೆಂಪೋ ಟ್ರಾವೆಲರ್ ಬರೋದಿದ್ರೆ ಎತ್ತರ 12 ಅಡಿ ಕೊಡಿ, ಶೀಟಿನ ನೀರು ಕಾರಿನ ಮೇಲೆ ಸುರಿಯದ ಹಾಗೆ ಅಂಚಿಗೆ ನೀರು ಹರಿಯೋ ದೋಣಿ ಕಟ್ಟಿ. ತೊಳೆಯೋ ಬೇ ಇಳಿಜಾರಿನ ಕೆಳಗಡೆ, ವ್ಯಾಕ್ಯೂಮ್ ಸಾಲು ಮೇಲ್ಗಡೆ, ಇದು ಉಲ್ಟಾ ಆದ್ರೆ ಸೋಪಿನ ನೀರೆಲ್ಲ ಜನರ ಕಾಲಿನ ಕೆಳಗೆ. ನೆಲಕ್ಕೆ 10 ಅಡಿಗೆ 2 ಇಂಚು ಇಳಿಜಾರು ಸಾಕು, ಜಾಸ್ತಿ ಕೊಟ್ರೆ ಕಾರಿನ ಬಾಗಿಲು ತಾನಾಗೇ ಬಂದು ಬಡಿಯತ್ತೆ. ಆ ತೊಳೆದ ನೀರು, ಮಣ್ಣು ಮತ್ತೆ ಆಯಿಲ್ ಬೇರೆ ಮಾಡೋ ಗುಂಡಿ ದಾಟದೆ, ತೋಡಿಗೆ (ಹಳ್ಳಕ್ಕೆ) ಹೋಗಲೇಬಾರದು, ನಮ್ಮ ತೋಡಿನ ನೀರು ಹೆಚ್ಚಿನದು ಕಾವೇರಿಗೇ ಹೋಗಿ ಸೇರತ್ತೆ ಅಂತ ಎಲ್ಲರಿಗೂ ಗೊತ್ತು.

ಜಾಗ ಸಾಲಲ್ಲ ಅಂತ ಬರೆ (ಗುಡ್ಡದ ಇಳಿಜಾರು) ಕಡಿದು ಅದರ ಬುಡದಲ್ಲಿ ವ್ಯಾಕ್ಯೂಮ್ ಸಾಲು ಇಡೋ ಯೋಚನೆ ಇದ್ರೆ ದಯವಿಟ್ಟು ಬಿಟ್ಬಿಡಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೂ ಅದನ್ನ ಮಾಡ್ಬಾರದು, ಅಲ್ಲಿ ಜನ 15 ನಿಮಿಷ ತಲೆ ಬಗ್ಗಿಸಿ ನಿಂತಿರ್ತಾರೆ. ಒಂದು ಜಾಗ ಕಮ್ಮಿ ಆದ್ರೂ ಪರವಾಗಿಲ್ಲ. ಸಿಲ್ವರ್ ಓಕ್ ಮರದ ಕೆಳಗೂ ಬೇಡ, ಬೇಸಿಗೇಲಿ ಕ್ಲೀನ್ ಮಾಡಿದ ಕಾರಿಗೆ ಮತ್ತೆ ಎಲೆ.

ಮಷೀನ್ ತಗೊಳ್ಳುವಾಗ ಒದ್ದೆ-ಒಣ ಎರಡೂ ಎಳೆಯೋದೇ ಬೇಕು ಅಂತ ಕೇಳಿ. ಬರೀ ಒಣ ಕಸದ್ದಾದ್ರೆ ಮಳೆಗಾಲದ ಮ್ಯಾಟ್ ನೀರು ಒಳಗೆ ಹೋಗಿ ಫಿಲ್ಟರ್ ಕೆಸರಾಗಿ ಮೋಟರ್ ಸುಟ್ಟು ಹೋಗತ್ತೆ. ನಾಲ್ಕು ಜಾಗಕ್ಕೆ ಬೇರೆ ಬೇರೆ ಮಷೀನೇ ಒಳ್ಳೇದು, ಒಂದು ಕೆಟ್ರೂ ಮೂರು ನಡೆಯತ್ತೆ, ಎಂಟು ಹತ್ತು ಆದ್ರೆ ಮಾತ್ರ ಒಂದೇ ದೊಡ್ಡ ಮೋಟರ್ ರೂಮಲ್ಲಿಟ್ಟು ಪೈಪ್ ಎಳೆಯೋದು ಯೋಚನೆ ಮಾಡಿ, ಅದ್ರಲ್ಲಿ ಶಬ್ದ ಕಮ್ಮಿ. ಪ್ರತಿ ಮಷೀನಿಗೂ ಬೇರೆ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ಕರೆಂಟ್ ಕಟ್ ಮಾಡೋ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ ಸ್ವಿಚ್), ಸರಿಯಾದ ಅರ್ಥಿಂಗ್. ಒದ್ದೆ ಕೈ, ಒದ್ದೆ ನೆಲ, ಇದ್ರಲ್ಲಿ ದುಡ್ಡು ಉಳಿಸ್ಬೇಡಿ.

ಉದಾಹರಣೆಗೆ 15 ಸೆಂಟ್ ಜಾಗ ತಗೊಳ್ಳಿ, ರಸ್ತೆ ಕಡೆ 65 ಅಡಿ, ಒಳಗೆ 100 ಅಡಿ. ಒಂದು ಪಕ್ಕಕ್ಕೆ ತಲಾ 16 ಅಡಿ ಅಗಲದ ಎರಡು ತೊಳೆಯೋ ಬೇ, ಅದರ ಮುಂದೆ ರಸ್ತೆ ತನಕ ಸುಮಾರು 37 ಅಡಿ ಕ್ಯೂಗೆ, ಬೇ ಉದ್ದ 25, ಬೇಯಿಂದ ಆಚೆ ಬಂದ್ರೆ ತಿರುಗೋಕೆ 20 ಅಡಿ ದಾರಿ, ಕೊನೇಲಿ 18 ಅಡಿ ಉದ್ದದ ವ್ಯಾಕ್ಯೂಮ್ ಸಾಲು. ನಾಲ್ಕು ಜಾಗ 13ರಂತೆ 52 ಅಡಿ, ಉಳಿದ 13 ಅಡೀಲಿ ಮ್ಯಾಟ್ ನೇತುಹಾಕಿ ಬಡಿಯೋ ಕಂಬಿ, ಕಸದ ಡ್ರಮ್. ಹೊರಗೆ ಹೋಗೋ ದಾರಿ ಇನ್ನೊಂದು ಪಕ್ಕದಿಂದ, 12 ಅಡಿ, ಒಳಗೆ ಬರೋ ಗಾಡಿಗೆ ಎದುರಾಗಬಾರದು. ಬರೀ ವ್ಯಾಕ್ಯೂಮ್ ಮಾಡೋಕೆ ಬರೋರೂ ಇರ್ತಾರೆ, ಅವರು ತೊಳೆಯೋ ಕ್ಯೂಲಿ ಸಿಕ್ಕಿಕೊಳ್ಳದೆ ಈ ಪಕ್ಕದಿಂದಲೇ ಒಳಗೆ ಹೋಗೋ ಹಾಗಿದ್ರೆ ಇನ್ನೂ ಒಳ್ಳೇದು, ಆಗ ಆ ದಾರಿ 20 ಅಡಿ ಮಾಡಿ.

ದುಡ್ಡು ತಗೊಳ್ಳೋಕೆ ಬರೀ ಕ್ಯೂಆರ್ ಕೋಡ್ ನಂಬ್ಕೋಬೇಡಿ, ಮಳೇಲಿ ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗತ್ತೆ, ಟೋಕನ್ ಇಟ್ಕೊಳ್ಳಿ. ಮತ್ತೆ ಕಾಂಕ್ರೀಟ್ ಹಾಕೋ ಮುಂಚೆ ಇನ್ನೆರಡು ಮಷೀನಿಗೆ ಆಗೋವಷ್ಟು ವೈರಿನ ಪೈಪ್ ನೆಲದೊಳಗೆ ಹಾಕಿ ಬಾಯಿ ಮುಚ್ಚಿಡಿ. ಆಯುಧ ಪೂಜೆ ಹಿಂದಿನ ದಿನ ಊರಿನ ಜೀಪು, ಪಿಕಪ್ಪು ಎಲ್ಲಾ ಒಟ್ಟಿಗೆ ಬಂದಾಗ ಆ ಮ್ಯಾಟ್ ಜಾಗದಲ್ಲೂ ಒಂದು ಮಷೀನ್ ಇಡ್ಬೇಕಾಗತ್ತೆ, ಆಗ ನೆಲ ಒಡೆಯೋ ಹಾಗಿರಬಾರದು.