ತೆಳುನೀಲಿ ಚಿಟ್ಟೆ: ಕಾಮನ್ ಸೆರೂಲಿಯನ್ ಗುರುತಿಸುವ ಬಗೆ

ಮಂಗಳೂರು, ಉಡುಪಿಯ ಸುತ್ತ ತೆಳುನೀಲಿ ಚಿಟ್ಟೆಗಳು ಹಲವು. ಅವುಗಳಲ್ಲೊಂದು ಕಾಮನ್ ಸೆರೂಲಿಯನ್. ಹಾರುವಾಗ ಮಿನುಗುವ ನೀಲಿಯನ್ನೇ ನಂಬಿ ಹೆಸರಿಟ್ಟರೆ ತಪ್ಪುವುದು ಖಂಡಿತ: ಬೆಳಕಿನ ಕೋನಕ್ಕೆ ಬಣ್ಣ ಬದಲಾಗುತ್ತದೆ, ಪುಡಿ ಉದುರಿದ ಹಳೆಯ ಚಿಟ್ಟೆ ಬೂದಾಗಿ ಕಾಣುತ್ತದೆ. ಕೂತು ರೆಕ್ಕೆ ಮಡಚಲಿ; ಗುರುತುಗಳಿರುವುದು ಅಡಿಬದಿಯಲ್ಲಿ.

ಹೊಳೆ, ತೋಡಿನ ಬದಿಯ ಹೊಂಗೆಮರ, ಬೇಲಿಗೆ ಹಬ್ಬಿದ ಗುಲಗಂಜಿ ಬಳ್ಳಿ ಇರುವಲ್ಲಿ ಹುಡುಕಿ. ಎರಡೂ ಕಾಮನ್ ಸೆರೂಲಿಯನ್ ಮರಿಹುಳಕ್ಕೆ ಆಹಾರ. ಚಿಟ್ಟೆ ನೆಲಕ್ಕೆ ಹತ್ತಿರವಾಗಿ, ನಿಧಾನಕ್ಕೆ ಹಾರಿ ಮತ್ತೆ ಮತ್ತೆ ಕೂರುತ್ತದೆ. ಅಟ್ಟಿಸಿಕೊಂಡು ಹೋಗಬೇಡಿ.

ಮೊದಲು ಗಾತ್ರ: ರೆಕ್ಕೆ ಬಿಚ್ಚಿದಾಗ ಸುಮಾರು 3ರಿಂದ 4 ಸೆಂ.ಮೀ. ಆಮೇಲೆ ಅಡಿಬದಿ ನೋಡಿ. ಬೂದುಮಿಶ್ರಿತ ಕಂದು ನೆಲೆಯ ಮೇಲೆ ಜೋಡಿಜೋಡಿಯಾಗಿ ಸಾಗುವ ಬಿಳಿ ಗೆರೆಗಳು, ಹಿಂರೆಕ್ಕೆಯ ಮೂಲೆಯಲ್ಲಿ ಕಿತ್ತಳೆ ಕಿರೀಟದ ದೊಡ್ಡ ಕಪ್ಪು ಚುಕ್ಕೆ, ಪಕ್ಕದಲ್ಲೇ ಕೂದಲೆಳೆಯಂಥ ಬಾಲ. ಮಳೆಗಾಲಕ್ಕೂ ಬೇಸಗೆಗೂ ನೆಲೆಯ ಬಣ್ಣ, ಗೆರೆಯ ದಪ್ಪ ವ್ಯತ್ಯಾಸವಾಗುತ್ತದೆ. ಗೆರೆಗಳ ಜೋಡಣೆ ಅದೇ.

ಬಾಲ ಇಲ್ಲವೆಂದ ಮಾತ್ರಕ್ಕೆ ತಳ್ಳಿಹಾಕಬೇಡಿ. ಹಿಂರೆಕ್ಕೆ ಉಜ್ಜಿಕೊಂಡು ಬಾಲ ಅಲ್ಲಾಡಿಸುವುದು ಅಲ್ಲೊಂದು ತಲೆ ಇದೆಯೆಂದು ಶತ್ರುವನ್ನು ನಂಬಿಸಲು. ಹಲ್ಲಿ, ಜೇಡ ಕಚ್ಚಿದರೆ ಬಾಲದ ಜತೆ ಕಿತ್ತಳೆ ಕಿರೀಟದ ಚುಕ್ಕೆಯೂ ಹೋಗಿರುತ್ತದೆ. ಆಗ ಗೆರೆಗಳೇ ಗತಿ.

ಮೋಸ ಮಾಡುವವು ಮುಖ್ಯವಾಗಿ ಮೂರು. ಹಿಂರೆಕ್ಕೆಯ ಹೊರಭಾಗದಲ್ಲಿ ಅಗಲವಾದ ಬಿಳಿ ಪಟ್ಟಿಯೂ ಮೂಲೆಯಲ್ಲಿ ಎರಡು ಕಪ್ಪು ಚುಕ್ಕೆಯೂ ಇದ್ದರೆ ಪೀ ಬ್ಲೂ. ಹಿಂರೆಕ್ಕೆಯ ಬುಡದಲ್ಲಿ ಬಿಳಿ ಉಂಗುರದ ಕಪ್ಪು ಚುಕ್ಕೆಗಳಿದ್ದರೆ ಪ್ಲೇನ್ಸ್ ಕ್ಯುಪಿಡ್. ಅಂಗಳದ ಸೈಕಸ್ ಗಿಡದ ಎಳೆಗರಿ ತಿಂದು ಮನೆಯವರಿಂದ ಬೈಸಿಕೊಳ್ಳುವ ಹುಳ ಇದರದ್ದೇ.

ಮೂರನೆಯದು ಹುಲ್ಲಿನಲ್ಲಿ ಓಡಾಡುವ ಗ್ರಾಸ್ ಬ್ಲೂಗಳ ಗುಂಪು. ಇವು ಇನ್ನೂ ಚಿಕ್ಕವು, ಬಾಲವಿಲ್ಲ, ಗೆರೆಯ ಬದಲು ಚುಕ್ಕೆಗಳು. ಮುಂರೆಕ್ಕೆಯ ಅಡಿಬದಿಯಲ್ಲಿ, ಬುಡದ ಉದ್ದ ಕೋಶದೊಳಗೆ (ರೆಕ್ಕೆಯ ನರಗಳ ನಡುವಿನ ಜಾಗ) ಚುಕ್ಕೆ ಇದ್ದರೆ ಪೇಲ್ ಅಥವಾ ಡಾರ್ಕ್ ಗ್ರಾಸ್ ಬ್ಲೂ. ಇಲ್ಲದಿದ್ದರೆ ಲೆಸ್ಸರ್ ಅಥವಾ ಟೈನಿ. ಕೂತಾಗ ಹಿಂರೆಕ್ಕೆ ಈ ಜಾಗವನ್ನೇ ಮುಚ್ಚುವುದುಂಟು, ಹಾಗಾಗಿ ಒಂದೇ ಫೋಟೋ ನೋಡಿ ಚುಕ್ಕೆ ಇಲ್ಲ ಅನ್ನಬೇಡಿ.

ಫೋಟೋ ಪಕ್ಕದಿಂದ ತೆಗೆಯಿರಿ, ಮೊಬೈಲ್ ರೆಕ್ಕೆಗೆ ಸಮಾನಾಂತರವಾಗಿರಲಿ. ಓರೆಯಾದರೆ ಬಾಲದ ತುದಿ ಮಸುಕಾಗುತ್ತದೆ. ನಡುಹಗಲ ಬಿಸಿಲಲ್ಲಿ ಬಿಳಿ ಗೆರೆ ಬೆಳಕಿಗೆ ಕರಗಿಹೋಗುವುದರಿಂದ ಪರದೆ ಒತ್ತಿ ಬೆಳಕನ್ನು ಸ್ವಲ್ಪ ಇಳಿಸಿಕೊಳ್ಳಿ. ನಿಮ್ಮ ನೆರಳು ಮಾತ್ರ ಅದರ ಮೇಲೆ ಬೀಳಬಾರದು, ತಕ್ಷಣ ಹಾರುತ್ತದೆ.