ಎಡಗೈ ಏನು ಹೇಳುತ್ತಿದೆ?

ಮೈಸೂರಿನಲ್ಲಿ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಪಿಯಾನೋ ಹೇಳಿಕೊಡುತ್ತೇನೆ. ಬರುವವರಲ್ಲಿ ಬಹುಪಾಲು ಏಳರಿಂದ ಹನ್ನೆರಡು ವರ್ಷದ ಮಕ್ಕಳು. ಅವರಲ್ಲಿ ಅರ್ಧಕ್ಕರ್ಧ ಮಂದಿ ಇನ್ನೊಂದು ಕಡೆ ಕರ್ನಾಟಕ ಸಂಗೀತದ ಪಾಠಕ್ಕೂ ಹೋಗುತ್ತಾರೆ. ಇವರ ಕಿವಿ ಬಲು ಚುರುಕು. ಒಂದು ಟ್ಯೂನನ್ನು ಎರಡು ಸಲ ಕೇಳಿದರೆ ಸ್ವರ ಹಾಕಿ ಹಾಡಿಬಿಡುತ್ತಾರೆ. ಆದರೆ ಆ ಕಿವಿ ಹಿಡಿಯುವುದು ಮೇಲಿನ ಒಂದೇ ಎಳೆಯನ್ನು. ಬಲಗೈ ಏನು ನುಡಿಸಿತು ಎಂದರೆ ಉತ್ತರ ಸಿದ್ಧವಾಗಿರುತ್ತದೆ. ಎಡಗೈ ಏನು ಮಾಡುತ್ತಿತ್ತು ಎಂದರೆ ಮುಖಮುಖ ನೋಡಿಕೊಳ್ಳುತ್ತಾರೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಕಚೇರಿಯಲ್ಲಿ ಹಾಡುವವರ ಹಿಂದೆಯೇ ಪಿಟೀಲು ಹೋಗುತ್ತದೆ, ತಂಬೂರಿ ಶ್ರುತಿ ಹಿಡಿದಿರುತ್ತದೆ, ಮೃದಂಗ ತಾಳ ನೋಡಿಕೊಳ್ಳುತ್ತದೆ. ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ಹಾಡು ಸಾಗುವ ರೂಢಿ ನಮ್ಮಲ್ಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಅರ್ಧ ಕಥೆ ನಡೆಯುವುದೇ ಕೆಳಗಡೆ, ಪಿಯಾನೋದಲ್ಲಾದರೆ ಎಡಗೈ ನುಡಿಸುವ ತಗ್ಗು ಸ್ವರಗಳಲ್ಲಿ. ಹಾಗಾಗಿ ಹೊಸಬರಿಗೆ ನಾನು ಮಾಡಿಸುವ ಕೇಳುವ ಪಾಠವೆಲ್ಲ ಈ ಒಂದೇ ಕೆಲಸಕ್ಕೆ ಮೀಸಲು. ಬರೋಕ್, ರೊಮ್ಯಾಂಟಿಕ್ ಎಂಬ ಕಾಲದ ಹೆಸರುಗಳು, ಬೀಥೋವನ್‌ಗೆ ಕಿವಿ ಕೇಳಿಸುತ್ತಿರಲಿಲ್ಲ ಎಂಬ ಕಥೆ ಇವೆಲ್ಲ ತಡವಾಗಿ ಬಂದರೂ ನಷ್ಟವಿಲ್ಲ.

ಪಾಠದ ಕೊನೆಯ ಹತ್ತು ನಿಮಿಷ ಇದಕ್ಕೆ. ಕೇಳಿಸುವ ತುಣುಕು ಒಂದೆರಡು ನಿಮಿಷಕ್ಕಿಂತ ಉದ್ದ ಇರಬಾರದು. ಪ್ರಶ್ನೆ ಒಂದೇ, ಅದೂ ಕೇಳಿಸುವ ಮೊದಲೇ. ಉತ್ತರ ಬಾಯಲ್ಲಿ ಬೇಡ, ಕೈ ಎತ್ತಿ ತೋರಿಸಲಿ, ಇಲ್ಲವೇ ಹಾಡಲಿ. "ಕೇಳಿದಾಗ ನಿನಗೆ ಏನನ್ನಿಸಿತು?" ಎಂದು ಮಾತ್ರ ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಮಕ್ಕಳು "ಹ್ಯಾಪಿ, ಮಿಸ್" ಅಂತಲೋ "ಸ್ಯಾಡ್, ಮಿಸ್" ಅಂತಲೋ ನನಗೆ ಬೇಕಾದ ಉತ್ತರ ಕೊಟ್ಟು ಚೀಲ ಹೆಗಲಿಗೇರಿಸುತ್ತಾರೆ. ಕಿವಿ ಕೆಲಸ ಮಾಡಿತೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ.

ತೀರಾ ಚಿಕ್ಕವರಿಗೆ ಶುರು ಆನೆಯಿಂದ. ಫ್ರಾನ್ಸಿನ ಸ್ಯಾಂ-ಸಾನ್ಸ್ 1886ರಲ್ಲಿ ಬರೆದ 'ಕಾರ್ನಿವಲ್ ಆಫ್ ದಿ ಅನಿಮಲ್ಸ್'ನಲ್ಲಿ ಆನೆಯ ಪಾಲಿಗೆ ಬಂದಿರುವುದು ಡಬಲ್ ಬೇಸ್, ಅಂದರೆ ಪಿಟೀಲಿನ ಬಳಗದಲ್ಲೇ ಅತಿ ದಪ್ಪ ದನಿಯ ವಾದ್ಯ. ಟ್ಯೂನು ಕೆಳಗೆ, ಪಿಯಾನೋದ ತಕ್ಕತಕ್ಕ ಮೇಲೆ. ಜಂಬೂಸವಾರಿ ನೋಡಿ ಬೆಳೆದ ಮಕ್ಕಳಿಗೆ ಆನೆ ಹೇಗೆ ಹೆಜ್ಜೆ ಹಾಕುತ್ತದೆಂದು ಹೇಳಿಕೊಡಬೇಕಾಗಿಲ್ಲ. ಕೋಣೆ ತುಂಬ ನಡೆದಾಡುತ್ತಾರೆ. ನಾನು ಕೇಳುವುದು ಇಷ್ಟೇ: ನಿನ್ನ ಕಾಲು ಯಾರ ಮಾತು ಕೇಳುತ್ತಿದೆ, ದಪ್ಪ ದನಿಯದ್ದೋ ಸಣ್ಣ ದನಿಯದ್ದೋ? (ತನ್ನ ಗಂಭೀರ ಹೆಸರಿಗೆ ಧಕ್ಕೆ ಬಂದೀತೆಂದು ಈ ಮಹಾಶಯ ಬದುಕಿರುವವರೆಗೆ ಇದನ್ನು ಅಚ್ಚಿಗೆ ಬಿಡಲಿಲ್ಲ, 'ಹಂಸ' ಒಂದನ್ನು ಬಿಟ್ಟು. ಇವತ್ತು ಮಕ್ಕಳಿಗೆ ಅವರ ಪರಿಚಯ ಆಗುವುದೇ ಇದರಿಂದ.)

ಆಮೇಲೆ ಮೊಜಾರ್ಟ್. ಎಲ್ಲರಿಗೂ ಗೊತ್ತಿರುವ 'ಟ್ವಿಂಕಲ್ ಟ್ವಿಂಕಲ್' ಟ್ಯೂನು ಮೂಲದಲ್ಲಿ ಒಂದು ಫ್ರೆಂಚ್ ಹಾಡಿನದು. ಅದರ ಮೇಲೆ ಮೊಜಾರ್ಟ್ ಹನ್ನೆರಡು ವೇರಿಯೇಶನ್, ಅಂದರೆ ಅದೇ ಟ್ಯೂನಿನ ಬೇರೆ ಬೇರೆ ರೂಪ, ಕಟ್ಟಿದ್ದಾನೆ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿಗೆ ಇಲ್ಲೊಂದು ಬೋನಸ್ ಇದೆ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಲ್ಲಿ (ಪಾಶ್ಚಾತ್ಯ ಧಾಟಿಗೆ ಕಟ್ಟಿದ ಹಾಡುಗಳು) 'ಶ್ಯಾಮಲೇ ಮೀನಾಕ್ಷಿ' ಇದೇ ಧಾಟಿಯದು. ಅದನ್ನು ಪಾಠ ಮಾಡಿಕೊಂಡ ಹುಡುಗಿಯೊಬ್ಬಳು ಮೊಜಾರ್ಟ್‌ನ ಮೊದಲ ಸಾಲು ಕೇಳಿದ್ದೇ, "ಮಿಸ್, ಇದು ನಮ್ಮ ಪಾಟು ಮಿಸ್ ಹೇಳಿಕೊಟ್ಟಿದ್ದು!" ಎಂದು ಎದ್ದು ನಿಂತಳು. ಅವಳಿಂದಲೇ ಹಾಡಿಸಿ, ಎಲ್ಲರ ಕಿವಿಯಲ್ಲೂ ಟ್ಯೂನು ಕೂತ ಮೇಲೆ ಮುಂದಕ್ಕೆ ಹೋದೆ.

ಹನ್ನೆರಡನ್ನೂ ಕೇಳಿಸುವುದಿಲ್ಲ. ಮೂಲ ಟ್ಯೂನು, ಒಂದನೆಯದು, ಎರಡನೆಯದು, ಸಾಕು. ಒಂದನೆಯದರಲ್ಲಿ ಬಲಗೈ ಓಡುತ್ತದೆ. ಎರಡನೆಯದರಲ್ಲಿ ಬಲಗೈ ಟ್ಯೂನು ಹಿಡಿದು ನಿಲ್ಲುತ್ತದೆ, ಓಟ ಎಡಗೈಗೆ ದಾಟುತ್ತದೆ. ಮಕ್ಕಳನ್ನು ಪಿಯಾನೋಗೆ ಬೆನ್ನು ಮಾಡಿ ಕೂರಿಸುತ್ತೇನೆ, ಇಲ್ಲದಿದ್ದರೆ ಕಣ್ಣೇ ಉತ್ತರ ಹೇಳಿಬಿಡುತ್ತದೆ. ಯಾವ ಕೈ ಓಡುತ್ತಿದೆಯೋ ಆ ಕೈ ಎತ್ತಬೇಕು. ಮೊದಲ ಸಲ ಎರಡನೇ ವೇರಿಯೇಶನ್ ಬಂದರೂ ಹೆಚ್ಚಿನವರ ಬಲಗೈ ಮೇಲೆಯೇ ಇರುತ್ತದೆ, ಟ್ಯೂನು ಮೇಲಿದೆಯಲ್ಲ, ಅದಕ್ಕೆ. ಆಗ ಎಡಗೈಯದ್ದಷ್ಟನ್ನೇ ನುಡಿಸಿ ತೋರಿಸಿ, ಮತ್ತೆ ಎರಡೂ ಸೇರಿಸಿದರೆ, ಒಂದೊಂದಾಗಿ ಕೈಗಳು ಬದಲಾಗುತ್ತವೆ. ದೊಡ್ಡ ಮಕ್ಕಳಿಗೆ ಎಂಟನೆಯದನ್ನೂ ಕೇಳಿಸುತ್ತೇನೆ. ಅದೊಂದೇ ಮೈನರ್‌ನಲ್ಲಿದೆ, ಅಂದರೆ ಮೂರನೆಯ ಸ್ವರ ಅರ್ಧ ಸ್ವರ ಇಳಿದ ಧಾಟಿಯಲ್ಲಿ. ಶಂಕರಾಭರಣದ ದೊಡ್ಡ ಗಾಂಧಾರ ಚಿಕ್ಕದಾಯಿತೆಂದು ಅವರಿಗೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ. ಈ ವಿಷಯದಲ್ಲಿ ನನಗಿಂತ ಅವರ ಪಾಟು ಮಿಸ್ಸಿಗೇ ಹೆಚ್ಚು ಶ್ರೇಯಸ್ಸು ಸಲ್ಲಬೇಕು.

ಕೇಳುವುದಕ್ಕೂ ನುಡಿಸುವುದಕ್ಕೂ ಗಂಟು ಬೀಳುವುದು ಜಿ ಮೇಜರ್ ಮಿನುಯೆಟ್ ಎಂಬ, ಮೂರು ಎಣಿಕೆಯ ಕುಣಿತದ ತುಣುಕಿನಲ್ಲಿ. ಜರ್ಮನಿಯ ಸಂಗೀತಗಾರ ಬಾಖ್‌ನ ಹೆಂಡತಿ ಆನ್ನಾ ಮಗ್ದಲೇನಾಳ 1725ರ ಪುಸ್ತಕದಲ್ಲಿ ಇದೆಯೆಂದು ಬಹುಕಾಲ ಬಾಖ್‌ನದೇ ಎಂದುಕೊಂಡಿದ್ದರು; ಬರೆದವನು ಕ್ರಿಸ್ಟಿಯನ್ ಪೆಟ್ಸೋಲ್ಡ್. ಎಲ್ಲ ಮಕ್ಕಳೂ ಇದನ್ನು ಒಂದಲ್ಲ ಒಂದು ದಿನ ಕಲಿಯುತ್ತಾರೆ, ಬಲಗೈಯ ಟ್ಯೂನಿಗೆ ಮರುಳಾಗಿ ಎಡಗೈಯನ್ನು ಎಲ್ಲೋ ಕುಟ್ಟುತ್ತಾ ಹೋಗುತ್ತಾರೆ. ನಾನು ಬೆರಳಿಡುವ ಮೊದಲು ಎಡಗೈಯನ್ನು ಹಾಡಿಸುತ್ತೇನೆ. ಜಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಎರಡನೇ ಬಾರ್‌ನಿಂದ (ಬಾರ್ ಅಂದರೆ ನಮ್ಮ ತಾಳದ ಆವರ್ತದಂಥ ಅಳತೆ) ಆರನೇ ಬಾರ್‌ವರೆಗೆ ಎಡಗೈಯಲ್ಲಿ ಇರುವುದು ಗಾ, ಮಾ, ಗಾ, ರೀ, ಸಾ. ಬಾರ್‌ಗೊಂದು ಸ್ವರ, ಒಂದೊಂದಕ್ಕೂ ಮೂರು ಎಣಿಕೆ. ಸರಳೆ ವರಸೆ ಹಾಡಿದ ಮಗುವಿಗೆ ಇದು ಯಾವ ಲೆಕ್ಕ! ಅವರು ಹಾಡುತ್ತಿರುವಾಗ ನಾನು ಬಲಗೈ ಮಾತ್ರ ನುಡಿಸುತ್ತೇನೆ. ತಾವು ಹಿಡಿದ ಉದ್ದನೆಯ ಸ್ವರದ ಮೇಲೆ ಆ ಟ್ಯೂನು ಕುಣಿಯುವುದು ಗಂಟಲಿಗೇ ತಿಳಿಯುತ್ತದೆ. ಆಮೇಲೆ ರೆಕಾರ್ಡಿಂಗ್ ಹಾಕಿದರೆ ಹೇಳದೆಯೇ ಎಡಗೈಯನ್ನು ಗುನುಗುತ್ತಾರೆ.

ಇದಕ್ಕೆ ಉಲ್ಟಾ ಶೂಮನ್‌ನ ಖುಷಿ ರೈತ. ಮಗಳು ಮರೀಯ ಹುಟ್ಟುಹಬ್ಬಕ್ಕೆಂದು ಶುರು ಮಾಡಿ 1848ರಲ್ಲಿ ಮುಗಿಸಿದ 'ಆಲ್ಬಮ್ ಫಾರ್ ದಿ ಯಂಗ್'ನಲ್ಲಿದೆ, ಕೆಲಸ ಮುಗಿಸಿ ಮನೆಗೆ ಮರಳುವ ರೈತನ ಹಾಡು. ಹಾಡುವುದು ಎಡಗೈ, ಬಲಗೈ ನಡುನಡುವೆ ಹೂಂಗುಟ್ಟುತ್ತದೆ. ಇದನ್ನು ಬೇಗ ದಾಟಿಸಬಹುದು.

ಬೀಥೋವನ್‌ನ 'ಫ್ಯೂರ್ ಎಲೀಸ್' ಬೇಕೆಂದು ಮೊದಲ ದಿನವೇ ಕೇಳುವವರಿದ್ದಾರೆ, ಕಾರಿನ ರಿವರ್ಸ್ ಟ್ಯೂನಿನ ಕೃಪೆ. ನುಡಿಸುವುದಕ್ಕೆ ಕಾಲ ಬರಬೇಕು, ಕೇಳುವುದಕ್ಕೆ ಏನಡ್ಡಿ? ಪಲ್ಲವಿ ತಿರುಗಿ ತಿರುಗಿ ಬರುತ್ತದೆಂದು ಹೇಳಿ, ಬಂದಾಗಲೆಲ್ಲ ಕೈ ಎತ್ತಿಸುತ್ತೇನೆ. ಪಲ್ಲವಿ ಎರಡನೇ ಸಲ ಬಂದುಹೋದ ಮೇಲೆ ಕೆಳಗೆ ಒಂದೇ ಸ್ವರ ಟಕಟಕ ಬಡಿಯುವ ಭಾಗ ಬರುತ್ತದೆ. "ಶ್ರುತಿ ಬಂತು ಮಿಸ್" ಎಂದ ಒಬ್ಬ. ಆ ಎ ಸ್ವರ ಅಲ್ಲಿ ಮಾಡುವುದು ಬಹುಮಟ್ಟಿಗೆ ಅದೇ ಕೆಲಸ. ಮೇಲಿನ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಅದಕ್ಕೆ ಹೊಂದದೆ ಗುದ್ದಾಡುತ್ತಿವೆ ಎಂಬುದನ್ನು ಅವನೇ ಮುಂದಿನ ವಾರ ಕಂಡುಕೊಂಡ.

ಇಷ್ಟೆಲ್ಲ ಆದ ಮೇಲೆ ಶೋಪಾನ್‌ನ ಇ ಮೈನರ್ ಪ್ರಿಲ್ಯೂಡ್ ಎಂಬ ಪುಟ್ಟ ಪಿಯಾನೋ ಕೃತಿ, ಓಪಸ್ 28 ಎಂಬ ಅವನ ಸಂಕಲನದಲ್ಲಿ ನಾಲ್ಕನೆಯದು. ಇದಕ್ಕಾಗಿಯೇ ಉಳಿದದ್ದನ್ನೆಲ್ಲ ಮಾಡಿಸುವುದು ಎಂದರೂ ಸರಿ. ಮೊದಲು ಬಲಗೈ ಮಾತ್ರ ನುಡಿಸುತ್ತೇನೆ. ಒಂದು ಉದ್ದನೆಯ ಸ್ವರ, ಪಕ್ಕದ ಇನ್ನೊಂದು, ಮತ್ತೆ ಮೊದಲಿನದೇ. ಮೂರು ಬಾರ್ ದಾಟಿದರೂ ಅಷ್ಟೇ. "ಇದೇನ್ ಮಿಸ್, ಟ್ಯೂನೇ ಇಲ್ಲ" ಎನ್ನುತ್ತಾರೆ. ನಿಜ, ಇಲ್ಲ. ಆಮೇಲೆ ಎಡಗೈ ಸೇರಿಸುತ್ತೇನೆ. ಮೂರು ಮೂರು ಸ್ವರದ ಕಾರ್ಡ್‌ಗಳು ಮೆಲ್ಲಗೆ ಮಿಡಿಯುತ್ತಾ, ಒಂದು ಸಲಕ್ಕೆ ಒಂದೋ ಎರಡೋ ಬೆರಳು ಅರ್ಧ ಸ್ವರ ಇಳಿಯುತ್ತಾ ಹೋಗುತ್ತವೆ. ಮೇಲಿನ ಸ್ವರ ಅಲ್ಲೇ ಇದೆ, ಆದರೆ ಅದರ ಬಣ್ಣ ಕ್ಷಣಕ್ಷಣಕ್ಕೂ ಬೇರೆ. ಈಗಿನ ಪ್ರಶ್ನೆ: ಕೆಳಗೆ ಏನಾದರೂ ಬದಲಾದಾಗಲೆಲ್ಲ ಮೊಣಕಾಲು ತಟ್ಟಿ. ಈ ಪಾಠ ದೊಡ್ಡವರಿಗೇ ಕಷ್ಟ. ಬ್ಯಾಂಕಿನಿಂದ ನಿವೃತ್ತರಾಗಿ ಕಲಿಯಲು ಬಂದ ನನ್ನ ವಿದ್ಯಾರ್ಥಿಯೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಾರೆ, ಮೊಣಕಾಲು ತಟ್ಟುವುದನ್ನು ಮರೆತುಬಿಡುತ್ತಾರೆ. "ಕೇಳ್ತಾ ಇದ್ದರೆ ಎಣಿಸೋದು ಹೆಂಗೆ ಮೇಡಂ?" ಎಂಬುದು ಅವರ ವಾದ. ಅವರಿಗೆ ಆರನೆಯ ಪ್ರಿಲ್ಯೂಡ್ ಕೊಟ್ಟೆ. ಅದರಲ್ಲಿ ಹಾಡು ಪೂರ್ತಿ ಎಡಗೈಯದೇ, ಚೆಲ್ಲೋ ನುಡಿಸಿದ ಹಾಗೆ. 1849ರಲ್ಲಿ ಪ್ಯಾರಿಸ್ಸಿನಲ್ಲಿ ಶೋಪಾನ್‌ನ ಅಂತ್ಯಸಂಸ್ಕಾರದ ಹೊತ್ತಿಗೆ ಆರ್ಗನ್ನಿನಲ್ಲಿ ನುಡಿಸಿದ್ದು ಈ ಎರಡು ಪ್ರಿಲ್ಯೂಡ್‌ಗಳನ್ನೇ ಎಂದಾಗ ಅವರು ತಲೆದೂಗುವುದನ್ನು ನಿಲ್ಲಿಸಿ, ಇನ್ನೊಮ್ಮೆ ಹಾಕಿ ಎಂದರು.

ಮನೆಯಲ್ಲಿ ಕೇಳಿಸುವ ತಂದೆತಾಯಿಯರಿಗೆ ನನ್ನ ಕೋರಿಕೆ ಒಂದೇ: ಫೋನಿನ ಸ್ಪೀಕರ್‌ನಲ್ಲಿ ಕೇಳಿಸಬೇಡಿ. ಕೀಬೋರ್ಡಿನ ನಡುವಿನ ಮಿಡಲ್ ಸಿ ಸ್ವರ ಸುಮಾರು 262 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಎಡಗೈಯ ಕೆಲಸ ಬಹುಪಾಲು ಅದಕ್ಕಿಂತ ಕೆಳಗೆ, ಫೋನಿನ ಪುಟ್ಟ ಸ್ಪೀಕರ್ ಸೋಲುವುದೂ ಅಲ್ಲೇ. ಟಿವಿಗೆ ಹಾಕಿದ ಸಾಧಾರಣ ಸ್ಪೀಕರ್ ಆದರೂ ಸರಿ, ಹೆಡ್‌ಫೋನ್ ಆದರೂ ಸರಿ. ನಡುವೆ ಜಾಹೀರಾತು ನುಗ್ಗದ ಹಾಗೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

"ನಮ್ಮೂರಿನವರಿಗೆ ಇದೆಲ್ಲ ಯಾಕೆ?" ಎನ್ನುವ ಅಜ್ಜಂದಿರೂ ಆಗಾಗ ಸಿಗುತ್ತಾರೆ. ಅವರಿಗೆ ಜಯಚಾಮರಾಜ ಒಡೆಯರ ಹೆಸರು ಹೇಳುತ್ತೇನೆ. ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದ ಆ ಮಹಾರಾಜರು ಸ್ವತಃ ಪಿಯಾನೋ ಕಲಿತವರು. ರಷ್ಯಾದ ಮೆಟ್‌ನರ್ ಎಂಬ ಸಂಗೀತಗಾರನ ಕೃತಿಗಳನ್ನು ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು. ಮೆಟ್‌ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು (ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ) ಅವರಿಗೇ ಅರ್ಪಿಸಿದ್ದಾನೆ. ಅಜ್ಜಂದಿರು ಅಲ್ಲಿಗೆ ಸುಮ್ಮನಾಗುತ್ತಾರೆ.

ಈಗ ದೊಡ್ಡ ಮಕ್ಕಳ ಜೊತೆ ಬಾಖ್‌ನ ಮೊದಲ ಇನ್ವೆನ್ಶನ್ (ಎರಡೂ ಕೈ ಸಮಸಮವಾಗಿ ಹಾಡುವ ಪುಟ್ಟ ಕೃತಿ) ಹಿಡಿದಿದ್ದೇನೆ. ಬಲಗೈ ಹೇಳಿದ್ದನ್ನು ಅರ್ಧ ಬಾರ್ ತಡವಾಗಿ, ಒಂದು ಸ್ಥಾಯಿ ಕೆಳಗೆ ಎಡಗೈ ಹೇಳುತ್ತದೆ. ಮಕ್ಕಳನ್ನು ಎರಡು ಗುಂಪು ಮಾಡಿ ಹಾಡಿಸುತ್ತೇನೆ, ಮೊದಲ ಗುಂಪು ಬಲಗೈ, ಎರಡನೆಯದು ಎಡಗೈ. ಎರಡನೇ ಗುಂಪಿಗೆ ಅರ್ಧ ಬಾರ್ ಕಾಯುವ ತಾಳ್ಮೆಯೇ ಇಲ್ಲ. ಜೊತೆಜೊತೆಗೇ ಎತ್ತಿಕೊಂಡುಬಿಡುತ್ತದೆ, ಮೊದಲ ಗುಂಪು ಜಗಳಕ್ಕೆ ನಿಲ್ಲುತ್ತದೆ. ಮುಂದಿನ ವಾರ ಮೃದಂಗ ಕಲಿಯುವ ಹುಡುಗನನ್ನು ಎರಡನೇ ಗುಂಪಿನ ಮುಂದೆ ಕೂರಿಸಿ ನೋಡಬೇಕು.